ಮನೆಯಲ್ಲಿ ಸೌವಿನ್ ಆಚರಿಸಿದ ಬಗೆ

ಐರ್ಲೆಂಡಿನ ಮೀತ್ ಕೌಂಟಿಯಲ್ಲಿ ನೆಲೆಸಿದ ಮೇಲೆ, ಅಕ್ಟೋಬರ್ 31ರ ಸಂಜೆ ಅಂಗಡಿಯ ಅಲಂಕಾರಗಳನ್ನು ಬಿಟ್ಟು, ಹ್ಯಾಲೋವೀನ್‌ಗಿಂತ ಹಳೆಯದಾದ ಸೌವಿನ್ ಹಬ್ಬವನ್ನೇ ಮನೆಯಲ್ಲಿ ಆಚರಿಸಲು ನಿರ್ಧರಿಸಿದೆ. ಬೇಸಿಗೆಯ ಹುಲ್ಲುಗಾವಲಿನಿಂದ ದನಗಳನ್ನು ಊರಿಗೆ ಇಳಿಸಿ, ಚಳಿಗಾಲದಲ್ಲಿ ಮೇವು ಹಾಕಿ ಸಾಕಲಾಗದವನ್ನು ಕಡಿಯುತ್ತಿದ್ದ ಕಾಲವದು. ದಿನವು ಸೂರ್ಯಾಸ್ತಕ್ಕೇ ಮೊದಲಾಗುತ್ತದೆ ಎಂಬ ಹಳೆಯ ಎಣಿಕೆಯಿಂದಾಗಿ ನವೆಂಬರ್ 1ರ ಹಬ್ಬ ಹಿಂದಿನ ಸಂಜೆಯೇ ಆರಂಭವಾಗುತ್ತದೆ. ಹ್ಯಾಲೋವೀನ್ ಎಂಬುದಾದರೋ ಕ್ರೈಸ್ತರ ಸಕಲ ಸಂತರ ದಿನದ ಮುನ್ನಾ ಸಂಜೆ.

ಮೊದಲು ದೀಪ. ಕುಂಬಳಕಾಯಿಯನ್ನು ಕೊರೆಯುವುದು ಅಮೆರಿಕಕ್ಕೆ ವಲಸೆ ಹೋದವರ ರೂಢಿ. ಇಲ್ಲಿಯವರು ಟರ್ನಿಪ್ ಎಂಬ ಗಡ್ಡೆಯನ್ನು ಕೊರೆಯುತ್ತಿದ್ದರು. ಡೊನೆಗಾಲ್ ಕಡೆಯ ಅಂಥದೊಂದು ದೀಪದ ಅಚ್ಚುಪ್ರತಿ ಮೇಯೊ ಕೌಂಟಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದ್ದು, ಅದರ ಹಲ್ಲುಕಿರಿದ ಮುಖದ ಮುಂದೆ ಕುಂಬಳಕಾಯಿ ತೀರಾ ಸಾಧುವಾಗಿ ಕಾಣುತ್ತದೆ. ಟರ್ನಿಪ್‌ನ ತಿರುಳು ಗಟ್ಟಿ. ನಾನು ಮೇಲ್ಭಾಗವನ್ನು ಕತ್ತರಿಸಿ, ಚಾಕುವಿನಿಂದ ಚೌಕಚೌಕವಾಗಿ ಗೀರಿ, ದಪ್ಪ ಲೋಹದ ಚಮಚದಿಂದ ತುಣುಕುತುಣುಕಾಗಿ ಕೆತ್ತಿ ತೆಗೆದು, ಬೆರಳಿನಷ್ಟು ದಪ್ಪದ ಗೋಡೆ ಉಳಿಸಿದೆ. ಮುಚ್ಚಳದಲ್ಲಿ ಹೊಗೆ ಹೋಗಲು ತೂತು ಬೇಕೇ ಬೇಕು. ತೆಗೆದ ತಿರುಳು ಸಾರಿಗಾಯಿತು.

ನಮ್ಮ ಕೌಂಟಿಯ ಆತ್‌ಬಾಯ್ ಪಟ್ಟಣದ ಬಳಿಯ ಟ್ಲಾಖ್ಟ್‌ಗಾ ಗುಡ್ಡದಲ್ಲಿ ಸೌವಿನ್ ರಾತ್ರಿ ಬೆಂಕಿ ಹೊತ್ತಿಸಿ, ದೇಶದ ಒಲೆಗಳನ್ನೆಲ್ಲ ಆರಿಸಿ ಅದರಿಂದಲೇ ಮತ್ತೆ ಹೊತ್ತಿಸುತ್ತಿದ್ದರೆಂದು 17ನೇ ಶತಮಾನದಲ್ಲಿ ಐರಿಷ್ ಇತಿಹಾಸಕಾರ ಜೆಫ್ರಿ ಕೀಟಿಂಗ್ ಬರೆದಿದ್ದಾನೆ. ಆತ ಬಹಳ ತಡವಾಗಿ ಬಂದ ಸಾಕ್ಷಿ. ಆದರೂ ಆ ಕ್ರಮ ನನಗೆ ಬಹಳ ಪ್ರಿಯವಾದುದರಿಂದ, ಸೂರ್ಯ ಮುಳುಗುವಾಗ ಮನೆಯ ದೀಪಗಳನ್ನೆಲ್ಲ ಆರಿಸಿ, ಒಂದೇ ಬತ್ತಿ ಹಚ್ಚಿ, ಅದರಿಂದ ಒಲೆಯನ್ನೂ ಟರ್ನಿಪ್ ದೀಪವನ್ನೂ ಹೊತ್ತಿಸಿದೆ.

ಊಟಕ್ಕೆ ಆಲೂಗಡ್ಡೆ ಮತ್ತು ಕೇಲ್ ಸೊಪ್ಪಿನ ಕಾಲ್ಕ್ಯಾನನ್ ಇತ್ತು. ಒಣದ್ರಾಕ್ಷಿಯನ್ನು ಹಿಂದಿನ ರಾತ್ರಿಯೇ ಕಡು ಚಹಾದಲ್ಲಿ ನೆನೆಸಿ, ಉಂಗುರವನ್ನು ಕಾಗದದಲ್ಲಿ ಸುತ್ತಿ ಒಳಗಿಟ್ಟು ಬಾರ್ಮ್‌ಬ್ರ್ಯಾಕ್ ಎಂಬ ಸಿಹಿ ಬ್ರೆಡ್ ಬೇಯಿಸಿದ್ದೆ. ಉಂಗುರ ಸಿಕ್ಕವರಿಗೆ ವರ್ಷದೊಳಗೆ ಮದುವೆ ಎಂಬ ನಂಬಿಕೆ. ಮೇಜಿನ ಮೇಲೆ ತೀರಿಕೊಂಡವರಿಗಾಗಿ ಒಂದು ತಟ್ಟೆ ಹೆಚ್ಚಿಗೆ ಇಟ್ಟೆವು. ಮಹಾಲಯದ ಎಡೆ ಕಂಡು ಬೆಳೆದ ನನಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ.

ವೇಷ ಹಾಕಿದ ಮಕ್ಕಳು ಬಂದಾಗ ಬಾದಾಮಿ, ಸೇಬು ಕೊಟ್ಟೆ. ವೇಷ ತೊಟ್ಟು ಮನೆಮನೆ ಸುತ್ತುವುದೂ ಈ ನೆಲದ್ದೇ ಆದ್ದರಿಂದ, ವ್ಯತ್ಯಾಸವನ್ನು ಅಲ್ಲಿ ಹುಡುಕಬಾರದು. ಹ್ಯಾಲೋವೀನ್ ಆ ರಾತ್ರಿಗೆ ಮುಗಿಯುತ್ತದೆ. ಸೌವಿನ್ ಚಳಿಗಾಲದ ಬಾಗಿಲು. ಅಲ್ಲಿಂದಾಚೆಗೆ ಬೇಲಿಯ ಬ್ಲ್ಯಾಕ್‌ಬೆರಿ ಹಣ್ಣುಗಳನ್ನು ಪೂಕಾ ಎಂಬ ಭೂತ ಕೆಡಿಸುತ್ತದೆಂದು ಇಲ್ಲಿಯ ಹಿರಿಯರು ಕೀಳುತ್ತಿರಲಿಲ್ಲ. ನಾವೂ ಕೊನೆಯ ಹಣ್ಣುಗಳನ್ನು ಹಿಂದಿನ ವಾರವೇ ಕಿತ್ತು ಜಾಮ್ ಮಾಡಿಟ್ಟಿದ್ದೆವು.