ಸೊಂಟ ಉಳಿಸಿಕೊಂಡು ನೆಲ ಅಗೆಯುವುದು: ಹ್ಯಾರೋದ ಜೇಡಿಮಣ್ಣಿನಲ್ಲಿ ನನ್ನ ಅನುಭವ

ಹಸಿ ಜೇಡಿಮಣ್ಣು ಲೀಟರಿಗೆ ಎರಡು ಕಿಲೋ ಹತ್ತಿರ ತೂಗುತ್ತದೆ. ಒಂದು ಚದರ ಮೀಟರ್ ನೆಲವನ್ನು 25 ಸೆಂಟಿಮೀಟರ್ ಆಳಕ್ಕೆ ಅಗೆದು ಮಗುಚಿದರೆ 250 ಲೀಟರ್ ಮಣ್ಣು, ಅಂದರೆ ಕಡಿಮೆಯೆಂದರೂ ನಾಲ್ಕೂವರೆ ಕ್ವಿಂಟಲ್ ಭಾರವನ್ನು ಎತ್ತಿ ಇಟ್ಟ ಲೆಕ್ಕ. ತೋಟದ ಕೆಲಸ ಮುಗಿಸಿದ ಮರುದಿನ ಹಾಸಿಗೆಯಿಂದ ಏಳಲು ಕಷ್ಟಪಡುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಸೊಂಟ ನೋಯುವುದಕ್ಕೆ ವಯಸ್ಸನ್ನೋ ಸೋಮಾರಿತನವನ್ನೋ ದೂರುವ ಅಗತ್ಯವಿಲ್ಲ ಎಂದು ಆಗ ತಿಳಿಯುತ್ತದೆ.

ಲಂಡನ್ನಿನ ವಾಯವ್ಯ ಅಂಚಿನ ಹ್ಯಾರೋದಲ್ಲಿ ನಾವು ಒಂದು ಅಲಾಟ್‌ಮೆಂಟ್ ಮಾಡುತ್ತಿದ್ದೇವೆ. ಊರಿನವರು ತರಕಾರಿ ಬೆಳೆದುಕೊಳ್ಳಲೆಂದು ಸ್ಥಳೀಯ ಆಡಳಿತ ವರ್ಷದ ಬಾಡಿಗೆಗೆ ಕೊಡುವ ನೆಲ ಅದು. ಈ ಏರ್ಪಾಡಿಗೆ 1908ರ ಕಾಯ್ದೆಯ ಬಲವಿದೆ. ಪೂರ್ತಿ ತುಂಡು ಎಂದರೆ ಹಳೆಯ ಅಳತೆಯಲ್ಲಿ 10 ಪೋಲ್, ಸುಮಾರು 250 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ನಮ್ಮದು ಅದರ ಅರ್ಧ. ಮಣ್ಣು ಲಂಡನ್ ಜೇಡಿ: ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು, ಚಳಿಗಾಲದಲ್ಲಿ ಬೂಟು ಕಿತ್ತುಕೊಳ್ಳುವಷ್ಟು ಅಂಟು. ಬೆಳ್ಳುಳ್ಳಿ, ಆಲೂಗಡ್ಡೆ, ಬೀನ್ಸ್, ಮೆಂತ್ಯ, ಹರಿವೆ ಚೆನ್ನಾಗಿ ಬರುತ್ತವೆ. ಅವರೆ ಮಾತ್ರ ಒಲಿಯುವುದಿಲ್ಲ. ಹಗಲು ಕುಗ್ಗಿದ ಮೇಲೆಯೇ ಹೂ ಬಿಡುವ ಊರಿನ ತಳಿ ಇಲ್ಲಿ ಮೊಗ್ಗು ಹಿಡಿಯುವ ಹೊತ್ತಿಗೆ ಚಳಿ ಬಂದುಬಿಡುತ್ತದೆ.

ನನ್ನ ಸೊಂಟದ ಕೆಳಭಾಗದ ಡಿಸ್ಕ್ ಒಂದು ಸವೆದಿದೆ. ಫಿಸಿಯೋಥೆರಪಿಸ್ಟ್ ತೋಟ ಬಿಡಬೇಕೆಂದು ಹೇಳಲಿಲ್ಲ, ಒಂದು ಚಲನೆಯನ್ನು ಬಿಡಿ ಎಂದರು: ಬಗ್ಗಿದ ಬೆನ್ನಿನಲ್ಲಿ ಭಾರ ಹಿಡಿದುಕೊಂಡು ಸೊಂಟ ತಿರುಗಿಸುವುದು. ಸ್ಪೇಡ್, ಅಂದರೆ ಕಾಲಿನಿಂದ ತುಳಿದು ನೆಲಕ್ಕಿಳಿಸುವ ಚಪ್ಪಟೆ ಅಲಗಿನ ಸಲಿಕೆ ಹಿಡಿದು ಅಗೆಯುವವರೆಲ್ಲ ಮಾಡುವುದು ಅದನ್ನೇ. ಅಲಗನ್ನು ನೆಲಕ್ಕಿಳಿಸುವಾಗ ನಮ್ಮ ತೂಕವೇ ಕೆಲಸ ಮಾಡುತ್ತದೆ, ಅದರಿಂದ ತೊಂದರೆಯಿಲ್ಲ. ಎತ್ತುವುದು ಮತ್ತು ಪಕ್ಕಕ್ಕೆ ಎಸೆಯುವುದು ಬೆನ್ನನ್ನು ತಿನ್ನುತ್ತದೆ. ಹಾಗಾಗಿ ಯಾವ ಸಲಕರಣೆ ನೋಡಿದರೂ ನಾನು ಮೊದಲು ಕೇಳುವ ಪ್ರಶ್ನೆ, ಇದು ಎತ್ತುವುದನ್ನು ಎಷ್ಟು ಕಡಿಮೆ ಮಾಡುತ್ತದೆ ಎಂಬುದು. ‘ಎರ್ಗೊನಾಮಿಕ್’, ಅಂದರೆ ಮೈಗೆ ಒಗ್ಗುವಂತೆ ರೂಪಿಸಿದ್ದು ಎಂಬ ಚೀಟಿ ಮೆತ್ತನೆಯ ರಬ್ಬರ್ ಹಿಡಿಗಳ ಮೇಲೂ ಅಂಟಿರುತ್ತದೆ. ಅಂಗೈಗೆ ಹಿತವೆನಿಸುವ ಹಿಡಿ ಬೆನ್ನಿಗೆ ಏನನ್ನೂ ಮಾಡದೆ ಇರಬಹುದು.

ಸ್ಪೇಡಿನಿಂದಲೇ ಶುರು ಮಾಡುತ್ತೇನೆ. ಇಲ್ಲಿನ ಸಾಮಾನ್ಯ ಸ್ಪೇಡಿನ ಅಲಗು ಸುಮಾರು 19 ಸೆಂಟಿಮೀಟರ್ ಅಗಲ, 29 ಉದ್ದ. ಹತ್ತು ಸೆಂಟಿಮೀಟರ್ ದಪ್ಪದ ಹೆಂಟೆ ಕಿತ್ತರೆ ಹತ್ತು ಕಿಲೋ ಆಗುತ್ತದೆ. ಸ್ಪೇಡಿನ ತೂಕ ಬೇರೆ. ಹೂವಿನ ಪಾತಿಗೆಂದು ಮಾರುವ ಚಿಕ್ಕ ಅಲಗಿನ ಸ್ಪೇಡ್ 14 ಅಗಲ, 23 ಉದ್ದದ್ದು. ಅದೇ ದಪ್ಪದ ಹೆಂಟೆ ಇದರಲ್ಲಿ ಆರು ಕಿಲೋ. ನಾನು ಐದು ಅಡಿ ಒಂದು ಅಂಗುಲದವಳು, ನನಗೆ ಈ ಚಿಕ್ಕದೇ ಸರಿ. ಗುದ್ದುಗಳ ಸಂಖ್ಯೆ ಹೆಚ್ಚಾಗುತ್ತದೆ, ಆದರೆ ಒಂದೊಂದೂ ಹಗುರ. ಅಲಗಿನ ಮೇಲಂಚು ಪಾದ ಊರಲು ಅಗಲವಾಗಿ ಮಡಚಿರಬೇಕು, ಸ್ಟೇನ್‌ಲೆಸ್ ಸ್ಟೀಲ್ ಆಗಿದ್ದರೆ ಜೇಡಿ ಅಂಟದೆ ಜಾರುತ್ತದೆ.

ನಮ್ಮವರು ಆರು ಅಡಿ. ಅವರಿಗೆ ಅಲಗಿಗಿಂತ ಕಾವಿನದೇ ಸಮಸ್ಯೆ. ಇಲ್ಲಿ ಮಾಮೂಲಿ ಕಾವು 28 ಅಂಗುಲ, ಎತ್ತರದವರು ಬಗ್ಗಲೇಬೇಕು. 32 ಅಂಗುಲದ್ದೂ ಸಿಗುತ್ತದೆ, ಕೇಳಿ ಪಡೆಯಬೇಕು. ಕೊಳ್ಳುವ ಮುಂಚೆ ಅಳೆದು ನೋಡಲು ನಾವು ಬಳಸುವ ಉಪಾಯವಿದು: ಅಂಗಡಿಯಲ್ಲಿ ಅಲಗಿನಷ್ಟು ಎತ್ತರದ ಮೆಟ್ಟಿಲೋ ಗಟ್ಟಿ ಪೆಟ್ಟಿಗೆಯೋ ಇದ್ದರೆ ಅದರ ಮೇಲೆ ನಿಂತು ಸ್ಪೇಡನ್ನು ಪಕ್ಕದ ನೆಲಕ್ಕೆ ಊರಬೇಕು. ಅಲಗು ಮಣ್ಣಿನಲ್ಲಿ ಪೂರ್ತಿ ಇಳಿದಾಗ ಹಿಡಿ ಎಲ್ಲಿರುತ್ತದೆ ಎಂಬುದು ಆಗ ತಿಳಿಯುತ್ತದೆ. ಆ ಸ್ಥಿತಿಯಲ್ಲಿ ಬೆನ್ನು ನೆಟ್ಟಗಿದ್ದು ಮೊಣಕೈ ಸ್ವಲ್ಪವೇ ಮಡಿದಿದ್ದರೆ ಅದು ನಿಮ್ಮ ಅಳತೆ. ಬರೀ ನೆಲದ ಮೇಲೆ ನಿಂತು ಹಿಡಿದು ನೋಡಿದರೆ ಎಲ್ಲ ಸ್ಪೇಡುಗಳೂ ಸರಿಯಾಗಿಯೇ ಕಾಣುತ್ತವೆ.

ನನ್ನ ತೋಟಗಾರಿಕೆಯನ್ನು ಉಳಿಸಿಕೊಟ್ಟಿದ್ದು ಬ್ರಾಡ್‌ಫೋರ್ಕ್. ಎರಡು ಉದ್ದನೆಯ ಕಾವು, ನಡುವೆ ಅರ್ಧ ಮೀಟರ್ ಅಗಲದ ಅಡ್ಡಪಟ್ಟಿ, ಅದರ ಕೆಳಗೆ ಐದು ಉದ್ದ ಹಲ್ಲುಗಳು. ಫ್ರಾನ್ಸಿನ ಆಂದ್ರೆ ಗ್ರೆಲಾಂ ಎಂಬವರು ರೂಪಿಸಿದ ಸಲಕರಣೆಯಿದು, ಅಲ್ಲಿ ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಪಕ್ಕದ ತುಂಡಿನ ಗುಜರಾತಿ ಹಿರಿಯರೊಬ್ಬರು ಎರವಲು ಕೊಟ್ಟು ನೋಡಲು ಹೇಳಿದರು. ಮುಂದಿನ ಶರತ್ಕಾಲದೊಳಗೆ ನಮ್ಮದೇ ಒಂದು ಬಂತು.

ಬಳಸುವ ಕ್ರಮ ಹೀಗೆ. ಅಡ್ಡಪಟ್ಟಿಯ ಮೇಲೆ ಎರಡೂ ಕಾಲಿಟ್ಟು ನಿಂತು, ದೇಹವನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ವಾಲಿಸಿದರೆ ಹಲ್ಲುಗಳು ತಾವಾಗಿ ಇಳಿಯುತ್ತವೆ. ಕೆಳಗಿಳಿದು, ಕಾವುಗಳನ್ನು ಎದೆಯ ಕಡೆಗೆ ಎಳೆದುಕೊಳ್ಳಬೇಕು. ನೆಲ ಉಬ್ಬಿ ಬಿರಿಯುತ್ತದೆ. ಅಷ್ಟೇ ಸಾಕು, ಮಗುಚುವ ಹಾಗಿಲ್ಲ. ಹಲ್ಲು ಹೊರತೆಗೆದು ಒಂದು ಗೇಣು ಹಿಂದಕ್ಕೆ ಸರಿದು ಮತ್ತೆ ಅದೇ. ಹಿಂದಕ್ಕೆ ನಡೆಯುತ್ತ ಹೋಗುವುದರಿಂದ ಬಿರಿದ ಮಣ್ಣನ್ನು ತುಳಿಯುವುದೂ ಇಲ್ಲ. ಇಡೀ ಕೆಲಸದಲ್ಲಿ ಒಂದು ಹಿಡಿ ಮಣ್ಣನ್ನೂ ಎತ್ತಿರುವುದಿಲ್ಲ, ಸೊಂಟ ಒಮ್ಮೆಯೂ ತಿರುಗಿರುವುದಿಲ್ಲ. ಸಡಿಲಗೊಂಡ ಮಣ್ಣಿನಿಂದ ಕೌಚ್ ಹುಲ್ಲಿನ ಬಿಳಿ ಬೇರುಗಳನ್ನು ಉದ್ದಕ್ಕೆ ಎಳೆದು ತೆಗೆಯಬಹುದು. ಸ್ಪೇಡ್ ಹಾಕಿದರೆ ಅದೇ ಬೇರು ಹತ್ತು ತುಂಡಾಗಿ ಹತ್ತು ಗಿಡವಾಗುತ್ತದೆ.

ಇದಕ್ಕೂ ಮಿತಿಗಳಿವೆ. ಹೊಸದಾಗಿ ಪಡೆದ, ಹುಲ್ಲು ಹೆಣೆದುಕೊಂಡ ನೆಲಕ್ಕೆ ಇದು ಇಳಿಯುವುದಿಲ್ಲ. ಸಲಕರಣೆಯೇ ಐದಾರು ಕಿಲೋ ಭಾರ, ಹಾಗಾಗಿ ಮನೆಯಿಂದ ಹೊತ್ತು ತರುವ ಬದಲು ತೋಟದ ಗೂಡಿನಲ್ಲೇ ಇಡುತ್ತೇವೆ. ಎಲ್ಲಕ್ಕಿಂತ ಮುಖ್ಯವಾಗಿ ಹದ ನೋಡಬೇಕು. ಹಿಡಿ ಮಣ್ಣನ್ನು ಅಂಗೈಯಲ್ಲಿ ಹೊಸೆದಾಗ ಹೊಳೆಯುವ ಬತ್ತಿಯಾದರೆ ಆ ದಿನ ಮನೆಗೆ ಹಿಂದಿರುಗುತ್ತೇನೆ. ಬೆರಳಲ್ಲಿ ಒತ್ತಿದರೆ ಪುಡಿಯಾದರೆ ಕೆಲಸ. ನಮ್ಮಲ್ಲಿ ಆ ಹದ ಅಕ್ಟೋಬರಿನಲ್ಲಿ ಬೀನ್ಸ್ ಬಳ್ಳಿ ಕಿತ್ತ ಮೇಲೆ ಕೆಲವು ವಾರ, ಮತ್ತೆ ಏಪ್ರಿಲ್‌ನಲ್ಲಿ ಕೆಲವು ದಿನ ಸಿಗುತ್ತದೆ. ಹದ ತಪ್ಪಿದ ಜೇಡಿಯಲ್ಲಿ ಯಾವ ಸಲಕರಣೆಯೂ ಬೆನ್ನು ಕಾಯುವುದಿಲ್ಲ.

ಹುಲ್ಲು ಹೆಣೆದ ನೆಲಕ್ಕೆ ಗುದ್ದಲಿಯೇ ಬೇಕು. ಇಂಗ್ಲೆಂಡಿನ ತೋಟಗಳಲ್ಲಿ ನಮ್ಮ ಬಗೆಯ ಗುದ್ದಲಿ ಅಪರೂಪ, ಆದರೆ ವುಲ್ವರ್‌ಹ್ಯಾಂಪ್ಟನ್ನಿನ ಚಿಲಿಂಗ್‌ಟನ್ ಕಾರ್ಖಾನೆ ಮೊಸಳೆ ಗುರುತಿನ ಗುದ್ದಲಿಗಳನ್ನು ಮಾಡಿ ಆಫ್ರಿಕಾದ ದೇಶಗಳಿಗೆ ಕಳುಹಿಸುತ್ತಿತ್ತು. ಈಗ ಇಲ್ಲಿಯವರೂ ಕೊಳ್ಳತೊಡಗಿದ್ದಾರೆ, ಒಂದು ವ್ಯತ್ಯಾಸದೊಂದಿಗೆ: ಕಾವು ನಾಲ್ಕೂವರೆ ಅಡಿ. ಊರಿನಲ್ಲಿ ಮೊಳಕ್ಕಿಂತ ಸ್ವಲ್ಪ ಹೆಚ್ಚಿರುವ ಕಾವು ಹಿಡಿದು ಹೆಂಗಸರು ದಿನವಿಡೀ ಬಗ್ಗಿ ಕಳೆ ತೆಗೆಯುವುದನ್ನು ನೋಡಿ ಬೆಳೆದ ನನಗೆ, ನೆಟ್ಟಗೆ ನಿಂತು ಗುದ್ದಲಿ ಹಾಕಬಹುದೆಂಬುದು ದೊಡ್ಡ ವಿಷಯವಾಗಿತ್ತು. ಎದೆಯ ಎತ್ತರಕ್ಕೆ ಎತ್ತಿ, ಬೀಳುವಾಗ ಕೈ ಸಡಿಲ ಬಿಟ್ಟು, ಅದರ ತೂಕಕ್ಕೇ ಕೆಲಸ ಒಪ್ಪಿಸಬೇಕು. ತಲೆಯ ಮೇಲೆತ್ತಿ ಬಲ ಹಾಕಿದರೆ ಭುಜ ಹೋಗುತ್ತದೆ. ಮುಂದಿನ ಕೈಯನ್ನು ಆಗಾಗ ಬದಲಿಸಬೇಕು. ಎಡಗೈ ಮುಂದಿಟ್ಟು ಕೆಲಸ ಮಾಡುವುದು ಕೆಲವು ವಾರಗಳಲ್ಲಿ ರೂಢಿಯಾಗುತ್ತದೆ.

ಸಣ್ಣ ಸಲಕರಣೆಗಳಲ್ಲಿ ಎರಡು ಉಪಕಾರಕ್ಕೆ ಬಂದಿವೆ. ಸಲಿಕೆಯ ಕಾವಿನ ನಡುವೆ ಬಿಗಿಯುವ ಎರಡನೆಯ ಹಿಡಿ, ಗೊಬ್ಬರ ತುಂಬುವಾಗ ನಮ್ಮವರನ್ನು ಬಗ್ಗದಂತೆ ಕಾಯುತ್ತದೆ. ಮಣಿಕಟ್ಟು ಬಾಗದಂತೆ ಮುಷ್ಟಿ ಹಿಡಿಯಬಹುದಾದ ನೇರ ಹಿಡಿಯ ಕೈಸಲಿಕೆ, ಬೆಳ್ಳುಳ್ಳಿ ಊರುವ ದಿನ ನನ್ನ ಬಲಗೈಯನ್ನು ಕಾಯುತ್ತದೆ. ಸ್ಪ್ರಿಂಗ್ ಇರುವ, ಕಾಲಿನಿಂದ ಒತ್ತಿದರೆ ಮಣ್ಣನ್ನು ತಾನೇ ಮುಂದಕ್ಕೆ ಚಿಮ್ಮುವ ಸ್ಪೇಡನ್ನೂ ಪ್ರಯತ್ನಿಸಿದೆವು. ಹಗುರ ಮಣ್ಣಿನಲ್ಲಿ ಅದು ಚೆಂದವಾಗಿ ಕೆಲಸ ಮಾಡೀತು. ಲಂಡನ್ ಜೇಡಿಗೆ ನಾನು ಶಿಫಾರಸು ಮಾಡುವುದಿಲ್ಲ.

ಇವೆಲ್ಲಕ್ಕಿಂತ ಅಗ್ಗವಾದದ್ದು ಒಂದು ಚಪ್ಪಟೆ ಅರ. ಹೊಸ ಸ್ಪೇಡುಗಳು ಹೆಚ್ಚಾಗಿ ಮೊಂಡಾಗಿಯೇ ಬರುತ್ತವೆ, ಮಸೆದು ಕೊಡುವ ಅಂಗಡಿ ನಾನು ಕಂಡಿಲ್ಲ. ಅಂಚಿನಲ್ಲಿ ಇರುವ ಇಳಿಜಾರನ್ನೇ ಅನುಸರಿಸಿ, ಅರವನ್ನು ಮುಂದಕ್ಕೆ ಮಾತ್ರ ಕೆಲವು ಬಾರಿ ತಳ್ಳಿದರೆ ಸಾಕು. ಬೇರು ಕತ್ತರಿಸಲು ಎರಡು ಸಲ ತುಳಿಯಬೇಕಾದ ಕಡೆ ಒಂದೇ ಸಲ ಸಾಕಾಗುತ್ತದೆ. ಗುದ್ದಲಿಗೂ ಇದೇ. ನಾನು ಕೆಲಸ ಆರಂಭಿಸುವ ಮುಂಚೆ ಮಸೆಯುತ್ತೇನೆ, ಆ ಹೊತ್ತಿನಲ್ಲಿ ಮೈಯೂ ಬೆಚ್ಚಗಾಗುತ್ತದೆ.

ಅಗೆಯುವುದನ್ನೇ ಬಿಡಬಾರದೇಕೆ ಎಂದು ಗೆಳೆಯರು ಕೇಳುತ್ತಾರೆ. ಸಾಮರ್‌ಸೆಟ್‌ನ ಚಾರ್ಲ್ಸ್ ಡೌಡಿಂಗ್ ಅಗೆಯದ ತೋಟಗಾರಿಕೆಯನ್ನು ಜನಪ್ರಿಯಗೊಳಿಸಿದ್ದಾರೆ: ರಟ್ಟು ಹಾಸಿ ಮೇಲೆ ಕಾಂಪೋಸ್ಟ್ ಹರಡುವುದು. ನಾಲ್ಕು ಪಾತಿಗಳಲ್ಲಿ ನಾನೂ ಅದನ್ನೇ ಮಾಡುತ್ತಿದ್ದೇನೆ, ಫಲ ಚೆನ್ನಾಗಿದೆ. ಆದರೆ ಅಲ್ಲಿಯೂ ಲೆಕ್ಕ ಹಾಕಬೇಕು. 80 ಚದರ ಮೀಟರ್ ಪಾತಿಗೆ ಐದು ಸೆಂಟಿಮೀಟರ್ ಕಾಂಪೋಸ್ಟ್ ಎಂದರೆ ನಾಲ್ಕು ಘನ ಮೀಟರ್. 80 ಲೀಟರ್ ಹಿಡಿಯುವ ತಳ್ಳುಗಾಡಿಯಲ್ಲಿ 50 ಸಲ. ಶ್ರಮ ಬೆನ್ನಿನಿಂದ ತೋಳಿಗೂ ಕಾಲಿಗೂ ಜಾರಿತು, ಮಾಯವಾಗಲಿಲ್ಲ. ನನ್ನ ಬೆನ್ನಿಗೆ ಆ ವಿನಿಮಯ ಲಾಭವೇ. ಮೊಣಕಾಲು ನೋವಿರುವವರಿಗೆ ಬ್ರಾಡ್‌ಫೋರ್ಕ್ ಹೆಚ್ಚು ಒಗ್ಗಬಹುದು.

ಕಳೆದ ಸಲ ಚನ್ನರಾಯಪಟ್ಟಣಕ್ಕೆ ಹೋದಾಗ ಅತ್ತಿಗೆಯ ಹಿತ್ತಲಿನ ಗುದ್ದಲಿಗೆ ಉದ್ದನೆಯ ಜಾಲಿ ಕಾವು ಹಾಕಿಸಿದೆ. “ಇಷ್ಟುದ್ದದ್ದು ತೆಂಗಿನಕಾಯಿ ಕೀಳುವುದಕ್ಕಾ?” ಎಂದು ಬಡಗಿ ಕೇಳಿದ. ಕಾವು ಉದ್ದವಾದರೆ ಅಲಗು ನೆಲವನ್ನು ತಾಕುವ ಕೋನವೂ ಬದಲಾಗುತ್ತದೆ, ಆದ್ದರಿಂದ ಕಮ್ಮಾರನ ಬಳಿಯೂ ಹೋಗಬೇಕಾಯಿತು. ಆತ ಅಲಗನ್ನು ಕಾಯಿಸಿ ಬಾಗು ಸರಿಪಡಿಸಿಕೊಟ್ಟ. ಈಗ ಅತ್ತಿಗೆ ಬಾಳೆಯ ಬುಡ ಬಿಡಿಸುವುದಕ್ಕೆ, ಕಾಲುವೆ ತಿರುಗಿಸುವುದಕ್ಕೆ ಅದನ್ನೇ ಹಿಡಿಯುತ್ತಾರೆ. ಸೊಪ್ಪಿನ ಮಡಿಯಲ್ಲಿ ಕಳೆ ತೆಗೆಯಲು ಹಳೆಯ ಗಿಡ್ಡ ಗುದ್ದಲಿಯೇ ಬೇಕಂತೆ, ಸಾಲಿನ ನಡುವೆ ಜಾಗ ಕಡಿಮೆ. ಮುಂದಿನ ಸಲ ಹೋದಾಗ ಅದಕ್ಕೊಂದು ಕಿರಿದಾದ ಅಲಗು ಮಾಡಿಸಿ ಉದ್ದನೆಯ ಕಾವು ಹಾಕಿಸಬೇಕೆಂದಿದ್ದೇನೆ.