ಹವಳ ಮುದುಡಿದೆಯಾ? ಬಾಟಲಿ ಮುಟ್ಟುವ ಮೊದಲು ಕಣ್ಣಿಟ್ಟು ನೋಡಿ

ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ನಿನ್ನೆ ಹೂವಿನ ಹಾಗೆ ಅರಳಿದ್ದ ಹವಳ ಇವತ್ತು ಮುದುಡಿಕೊಂಡು ಕೂತಿದೆ. ನೋಡಿದ ಕೂಡಲೇ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕೈ ತಾನಾಗಿಯೇ ಔಷಧಿ ಬಾಟಲಿಯ ಕಡೆ ಹೋಗುತ್ತದೆ. ದಯವಿಟ್ಟು ತಡೆಯಿರಿ. ಗಾಬರಿಯಲ್ಲಿ ಒಂದೇ ದಿನ ನೀರು ಬದಲಿಸಿ, ಲೈಟು ತಗ್ಗಿಸಿ, ಜಾಗವನ್ನೂ ಬದಲಿಸಿದರೆ ಮೂಲ ಕಾರಣ ಏನೆಂದು ಮತ್ತೆ ತಿಳಿಯುವುದೇ ಇಲ್ಲ. ಹವಳಕ್ಕೆ ಮಾತು ಬಾರದಿದ್ದರೂ ತನಗೆ ಎಲ್ಲಿ ನೋವು ಅನ್ನುವುದನ್ನು ಅದು ತೋರಿಸುತ್ತದೆ. ಆ ಗುರುತು ಓದುವುದನ್ನು ಕಲಿಯಬೇಕು, ಅಷ್ಟೇ.

ಒಂದು ಮಾತು ನೆನಪಿರಲಿ. ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿಗಳು ವಾಸವಾಗಿವೆ. ಅವು ಬೆಳಕಿನಲ್ಲಿ ಸಕ್ಕರೆ ತಯಾರಿಸಿ ಹವಳಕ್ಕೆ ಉಣಿಸುತ್ತವೆ. ಆ ಪಾಚಿಯ ಬಣ್ಣ ಕಂದು. ಹವಳದ ಬಣ್ಣ ಬದಲಾದರೆ ಹೆಚ್ಚಿನ ಸಲ ಈ ಪಾಚಿಗಳ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಮೊದಲು: ಒಂದಕ್ಕೋ, ಎಲ್ಲಕ್ಕೋ?

ಟ್ಯಾಂಕಿನ ಮುಂದೆ ಹತ್ತು ನಿಮಿಷ ಸುಮ್ನೆ ಕೂತು ನೋಡಿ. ಎಲ್ಲ ಹವಳಗಳೂ ಒಟ್ಟಿಗೆ ಮುದುಡಿದ್ದರೆ ತೊಂದರೆ ನೀರಿನಲ್ಲಿದೆ. ಮೀನುಗಳೂ ಏದುಸಿರು ಬಿಡುತ್ತಿದ್ದರೆ ಅಮೋನಿಯಾ ಮತ್ತು ಆಮ್ಲಜನಕದ ಕಡೆ ತಕ್ಷಣ ಗಮನ ಕೊಡಿ, ಅಲ್ಲಿ ಕಾಯುವ ಹಾಗಿಲ್ಲ. ಒಂದೇ ಹವಳ ಸೊರಗಿ ಪಕ್ಕದವು ಚೆನ್ನಾಗಿದ್ದರೆ ಅದರ ಜಾಗ, ನೆರೆಹೊರೆ, ಇಲ್ಲವೇ ಮೈಗೆ ಹತ್ತಿದ ಹುಳುವನ್ನು ಅನುಮಾನಿಸಿ.

ಲೆದರ್ ಕೋರಲ್ ಎಂಬ ಮೆತ್ತನೆಯ ಹವಳಕ್ಕೆ ಮಾತ್ರ ಇಲ್ಲೊಂದು ವಿನಾಯಿತಿ ಕೊಡಬೇಕು. ಅದು ಆಗಾಗ ಮುಚ್ಚಿಕೊಂಡು, ಮೇಣದಂಥ ಪೊರೆ ಕಳಚಿ, ಕೆಲವು ದಿನಗಳ ನಂತರ ಮತ್ತೆ ಅರಳುತ್ತದೆ. ಅದು ಅದರ ಸ್ವಭಾವ. ಪೊರೆ ಉದುರಲು ನೀರಿನ ಹರಿವು ಸಾಕಷ್ಟಿದ್ದರೆ ಆಯಿತು.

ಗಾಯ ಎಲ್ಲಿಂದ ಶುರುವಾಯಿತು?

ನನ್ನ ಪ್ರಕಾರ ಇಡೀ ತಪಾಸಣೆಯಲ್ಲಿ ಅತಿ ಮುಖ್ಯ ಪ್ರಶ್ನೆ ಇದು. ಲೈಟಿಗೆ ಎದುರಾದ ಮೇಲ್ಭಾಗ ಮಾತ್ರ ಬಿಳಚಿದ್ದರೆ ಬೆಳಕು ಜಾಸ್ತಿಯಾಗಿದೆ. ಕೊಂಬೆಗಳ ತುದಿ ಮಾತ್ರ ಸುಟ್ಟಂತೆ ಬೆಳ್ಳಗಾಗಿದ್ದರೆ ಆಲ್ಕಲಿನಿಟಿ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಏರಿರಬಹುದು, ಅದರಲ್ಲೂ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಎಂಬ ಪೋಷಕಾಂಶಗಳು ಕಡಿಮೆ ಇದ್ದಾಗ. ಬುಡದಿಂದ ಮೇಲಕ್ಕೆ ನಿಧಾನವಾಗಿ ಮಾಂಸ ಹೋಗುತ್ತಿದ್ದರೆ ಆಲ್ಕಲಿನಿಟಿಯ ಏರಿಳಿತವನ್ನೂ ಹುಳುವನ್ನೂ ಎರಡನ್ನೂ ನೋಡಬೇಕು. ಒಂದೇ ಪಕ್ಕ ಹಾಳಾಗಿದ್ದರೆ ಆ ಪಕ್ಕದಲ್ಲಿ ಏನಿದೆ ನೋಡಿ. ಪಂಪಿನ ನೀರು ನೇರವಾಗಿ ರಾಚುತ್ತಿದೆಯಾ? ಇನ್ನೊಂದು ಹವಳ ಹತ್ತಿರ ಇದೆಯಾ?

ನನ್ನ ಹ್ಯಾಮರ್ ಕೋರಲ್ ಒಂದರ ಎಡಭಾಗ ವಾರಗಟ್ಟಲೆ ಕರಗುತ್ತಾ ಬಂತು. ನೀರಿನ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿತ್ತು. ಒಂದು ರಾತ್ರಿ ಲೈಟು ಆರಿ ಎರಡು ತಾಸಿನ ಮೇಲೆ ಟಾರ್ಚು ಹಿಡಿದು ನೋಡಿದೆ. ಗೇಣುದ್ದ ದೂರದಲ್ಲಿದ್ದ ಗ್ಯಾಲಕ್ಸಿಯಾ ಹವಳದಿಂದ ಕೂದಲೆಳೆಯಂಥ ಬಿಳಿ ದಾರಗಳು ಹೊರಟಿದ್ದವು. ನೀರಿನ ಹರಿವಿನಲ್ಲಿ ತೂಗಾಡುತ್ತಾ ಅವುಗಳ ತುದಿ ಹ್ಯಾಮರ್‌ನ ಎಡಗಡೆಗೆ ತಾಗುತ್ತಿತ್ತು. ತಾಗಿದಾಗಲೆಲ್ಲ ಅದು ಮೈ ಒಳಗೆಳೆದುಕೊಳ್ಳುತ್ತಿತ್ತು. ಹಗಲಿನಲ್ಲಿ ಆ ದಾರಗಳ ಸುಳಿವೇ ಇರಲಿಲ್ಲ. ಗ್ಯಾಲಕ್ಸಿಯಾವನ್ನು ಟ್ಯಾಂಕಿನ ಇನ್ನೊಂದು ತುದಿಗೆ ಸಾಗಿಸಿದೆ. ಕರಗುವುದು ಅಲ್ಲಿಗೇ ನಿಂತಿತು. ಆದ್ದರಿಂದ ರಾತ್ರಿ ತಪಾಸಣೆ ಬಿಡಲೇಬೇಡಿ. ಕೆಂಪು ಬೆಳಕಿನ ಟಾರ್ಚಾದರೆ ಇನ್ನೂ ಒಳ್ಳೆಯದು, ಹವಳವೂ ಹುಳುವೂ ಅಷ್ಟಾಗಿ ಬೆಚ್ಚುವುದಿಲ್ಲ. ಅಕ್ರೋಪೋರಾ ಎಂಬ ಕೊಂಬೆ ಹವಳ ಇದ್ದರೆ ಬುಡದಲ್ಲಿ ಕಂದು ಮೊಟ್ಟೆಗಳ ಗುಂಪು, ಮೈಮೇಲೆ ದುಂಡನೆಯ ಕಚ್ಚಿದ ಗುರುತು ಇವೆಯಾ ಹುಡುಕಿ. ಅವು ಚಪ್ಪಟೆ ಹುಳುವಿನ ಕೆಲಸ.

ಬಿಳಿಯಲ್ಲೂ ಎರಡು ಬಗೆ

ಟಾರ್ಚನ್ನು ಪಕ್ಕದಿಂದ ಹಿಡಿದು ಬಿಳಿ ಭಾಗವನ್ನು ಹತ್ತಿರದಿಂದ ನೋಡಿ. ಗಾಜಿನಂಥ ತೆಳು ಚರ್ಮ ಇನ್ನೂ ಇದ್ದು, ಪಾಲಿಪ್‌ಗಳು (ಹವಳದ ಹೂವಿನಂಥ ಪುಟ್ಟ ಜೀವಗಳು) ಹೊರಗೆ ಇಣುಕುತ್ತಿದ್ದರೆ ಹವಳ ಬದುಕಿದೆ. ಪಾಚಿಗಳು ಹೋಗಿವೆ, ಅದಕ್ಕೆ ಒಳಗಿನ ಸುಣ್ಣದ ಗೂಡು ಕಾಣುತ್ತಿದೆ. ಇದು ಬಿಳಚುವಿಕೆ. ಬಿಸಿ ಅಥವಾ ಬೆಳಕು ಜಾಸ್ತಿಯಾದಾಗ ಹೀಗಾಗುತ್ತದೆ. ಬೆಳಕು ತಗ್ಗಿಸಿ. ದೊಡ್ಡ ಬಾಯಿಯ ಹವಳವಾದರೆ ಸಣ್ಣ ಚೂರು ಮಾಂಸಾಹಾರ ಕೊಡಿ, ಪಾಚಿ ಕೊಡುತ್ತಿದ್ದ ಊಟ ಈಗ ಅದಕ್ಕೆ ಸಿಗುತ್ತಿಲ್ಲ. ಚರ್ಮವೇ ಇಲ್ಲದೆ ಸೀಮೆಸುಣ್ಣದಂಥ ಒಣ ಬಿಳಿ ಕಂಡರೆ ಆ ಭಾಗ ಸತ್ತಿದೆ. ಕೆಲವು ತಾಸುಗಳಲ್ಲೇ ಚರ್ಮ ಕಿತ್ತುಬರುತ್ತಿದ್ದರೆ ಚೆನ್ನಾಗಿರುವ ತುದಿಯನ್ನು ಕತ್ತರಿಸಿ ಬೇರೆ ಮಾಡಿ. ಆಗ ತುಂಡಾದರೂ ಉಳಿಯಬಹುದು.

ಬಣ್ಣ ಕಂದಾಗಿದ್ದರೆ ಅಷ್ಟು ಹೆದರಬೇಡಿ. ಬೆಳಕು ಕಡಿಮೆಯಾಗಿ ಅಥವಾ ನೀರಿನಲ್ಲಿ ಪೋಷಕಾಂಶ ಹೆಚ್ಚಿ ಪಾಚಿ ಬೆಳೆದಿರುತ್ತದೆ. ಆದರೆ ಹವಳದ ಮೇಲೆ ಕಂದು ಲೋಳೆ ಗಟ್ಟಿಯಾಗಿ ಕಟ್ಟಿ, ಕೊಳೆತ ವಾಸನೆ ಬಂದರೆ ಅದು ಬೇರೆಯೇ ಕಾಯಿಲೆ. ಪಂಪು ನಿಲ್ಲಿಸಿ, ಲೋಳೆಯನ್ನು ಕೊಳವೆಯಿಂದ ಹೀರಿ ಹೊರಹಾಕಿ, ಆ ಹವಳವನ್ನು ಪ್ರತ್ಯೇಕಿಸಿ. ಪಂಪು ಓಡುತ್ತಿದ್ದರೆ ಲೋಳೆ ಪಕ್ಕದ ಹವಳಗಳ ಮೇಲೂ ಹೋಗಿ ಕೂರುತ್ತದೆ.

ಈಗ ನೀರು ಪರೀಕ್ಷಿಸಿ

ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್. ಉಪ್ಪು ಸಾವಿರಕ್ಕೆ 35 ಭಾಗ. ಆಲ್ಕಲಿನಿಟಿ 7ರಿಂದ 11 ಡಿಕೆಎಚ್ (ಅದನ್ನು ಅಳೆಯುವ ಮಾನ). ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಮೆಗ್ನೀಷಿಯಂ 1,300ರ ಆಸುಪಾಸು. ಅಮೋನಿಯಾ ಸೊನ್ನೆ. ನೈಟ್ರೇಟ್ ಮತ್ತು ಫಾಸ್ಫೇಟ್ ಮಾತ್ರ ಸೊನ್ನೆ ಆಗಬಾರದು. ಸೊನ್ನೆಯಾದರೆ ಹವಳ ಹಸಿದು ಬಿಳಚುತ್ತದೆ.

ಅಂಕಿ ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಅಲುಗಾಡುತ್ತಿದೆ ಅನ್ನುವುದು ಹೆಚ್ಚು ಮುಖ್ಯ. ಆಲ್ಕಲಿನಿಟಿ ದಿನವೂ 8ರಲ್ಲೇ ಇದ್ದರೆ ಹವಳ ಹೊಂದಿಕೊಳ್ಳುತ್ತದೆ. ಇವತ್ತು 8, ನಾಳೆ 10, ಮತ್ತೆ 8 ಆದರೆ ನರಳುತ್ತದೆ. ಅದಕ್ಕೆ ಮೂರು ದಿನ ಒಂದೇ ಹೊತ್ತಿಗೆ ಅಳೆದು ಬರೆದಿಡಿ. ಉಪ್ಪಿನ ಅಂಕಿ ವಿಚಿತ್ರ ಅನ್ನಿಸಿದರೆ ಉಪಕರಣವನ್ನು 35ರ ಅಳತೆಯ ದ್ರಾವಣದಲ್ಲಿ ಸರಿಮಾಡಿಕೊಂಡು ಮತ್ತೆ ನೋಡಿ. ನೀರು ಆವಿಯಾದಾಗ ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ, ಅಲ್ವಾ? ಹಾಗಾಗಿ ಕಡಿಮೆಯಾದ ನೀರಿಗೆ ಶುದ್ಧೀಕರಿಸಿದ ಸಿಹಿನೀರನ್ನೇ ತುಂಬಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ

ಆಲ್ಕಲಿನಿಟಿ ತಿದ್ದುವುದಾದರೆ ದಿನಕ್ಕೆ 1 ಡಿಕೆಎಚ್ ಮೀರಬೇಡಿ. ತಗ್ಗಿಸಿದ ಬೆಳಕನ್ನು ಏರಿಸಲು ವಾರಗಳನ್ನೇ ತೆಗೆದುಕೊಳ್ಳಿ. ಹವಳವನ್ನು ಹೊಸ ಜಾಗಕ್ಕೆ ಇಟ್ಟರೆ ಕನಿಷ್ಠ ಒಂದು ವಾರ ಮತ್ತೆ ಅಲುಗಿಸಬೇಡಿ. ದಿನವೂ ಒಂದೇ ಕೋನದಿಂದ, ಬಿಳಿ ಬೆಳಕಿನಲ್ಲಿ ಫೋಟೊ ತೆಗೆಯಿರಿ. ನೀಲಿ ಲೈಟಿನಲ್ಲಿ ಬಿಳಚಿದ ಹವಳವೂ ಹೊಳೆಯುತ್ತದೆ, ಕಣ್ಣಿಗೆ ಮೋಸವಾಗುತ್ತದೆ.

ಹವಳ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ. ಪಾಲಿಥೋವಾ ಜಾತಿಯ ಕೆಲವು ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಾರಿ ವಿಷ ಇರುತ್ತದೆ. ಅವು ಅಂಟಿರುವ ಕಲ್ಲನ್ನು ಯಾವತ್ತೂ ಕುದಿಸಬೇಡಿ, ಆ ಆವಿ ಉಸಿರಿಗೆ ಹೋದರೆ ಅಪಾಯ.

ಬಿಳಚಿದ ಹವಳಕ್ಕೆ ಬಣ್ಣ ಮರಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಮೊದಲು ಮರಳುವುದು ಮಂಕು ಕಂದು. ಹಸಿರು, ನೇರಳೆ ಬಣ್ಣ ಬರುವುದು ಅದಾದ ಮೇಲೆ.