ಸ್ಲ್ಯಾಬ್ ಮುಟ್ಟದ ಸೀಲಿಂಗ್: ನನ್ನ ಅನುಭವ

ನಮ್ಮದು ಬಳ್ಳಾರಿಯಲ್ಲಿ ಎರಡಂತಸ್ತಿನ ಮನೆ. ಕೆಳಗೆ ನಾವು, ಮೇಲೆ ಅಣ್ಣ, ಅತ್ತಿಗೆ, ಅಮ್ಮ. ಕೆಳಗಿನ ಹಿಂದಿನ ಕೋಣೆಯಲ್ಲಿ ಹೋಮ್ ಥಿಯೇಟರ್ ಕೂರಿಸಿದ ವಾರದಲ್ಲೇ ತಕರಾರು ಶುರುವಾಯಿತು. ನಾನು ಸಿನಿಮಾ ಹಾಕಿದರೆ ಅಣ್ಣನ ಮಂಚ ಗುಂ ಅನ್ನುತ್ತದಂತೆ. ಇತ್ತ ಅಮ್ಮ ನೆಲದ ಮೇಲೆ ಕೂತು ಜೋಳದ ರೊಟ್ಟಿ ಬಡಿದರೆ ಒಂದೊಂದು ಏಟೂ ನನ್ನ ನೆತ್ತಿಯ ಮೇಲೇ ಬಿದ್ದ ಹಾಗೆ. ನಡುವೆ ಇರುವುದು ಐದು ಇಂಚಿನ ಸ್ಲ್ಯಾಬ್ ಒಂದೇ.

ಮೊದಲು ಎಲ್ಲರೂ ಹೇಳಿದ್ದು ಸೂರಿಗೆ ಫೋಮ್ ಅಂಟಿಸು ಅಂತ. ಒಬ್ಬರು ಮೊಟ್ಟೆ ಟ್ರೇ ಸಾಕು ಅಂದರು. ಫೋಮ್‌ನಿಂದ ಕೋಣೆಯೊಳಗಿನ ಪ್ರತಿಧ್ವನಿ ಕಡಿಮೆಯಾಗುತ್ತದೆ, ಅಷ್ಟೇ. ಸದ್ದು ಮೇಲೆ ಹೋಗುವುದನ್ನು ಅದು ತಡೆಯುವುದಿಲ್ಲ. ತಡೆಯೋಕೆ ತೂಕ ಬೇಕು. ಬರೀ ತೂಕವೂ ಸಾಲದು. ಒಂದೇ ಪದರದ ತೂಕ ಎರಡು ಪಟ್ಟು ಮಾಡಿದರೆ ಲೆಕ್ಕದಲ್ಲಿ ಸಿಗುವುದು ಹೆಚ್ಚೆಂದರೆ 6 ಡೆಸಿಬಲ್. ಕಿವಿಗೆ ಸದ್ದು ಅರ್ಧವಾಯಿತು ಅನ್ನಿಸಬೇಕಾದರೆ ಸುಮಾರು 10 ಬೇಕು. ಅದಕ್ಕೇ ಎರಡು ಭಾರದ ಪದರ ಬೇಕು, ಮೇಲೆ ಸ್ಲ್ಯಾಬ್, ಕೆಳಗೆ ಹೊಸದೊಂದು ಸೀಲಿಂಗ್. ನಡುವೆ ಗಾಳಿ, ಒಂದಕ್ಕೊಂದು ಗಟ್ಟಿ ಸಂಬಂಧ ಇರಬಾರದು. ನನ್ನ ಕೆಲಸದಲ್ಲಿ ಕಷ್ಟ ಆಗಿದ್ದೆಲ್ಲ ಈ ಕೊನೆಯ ಮಾತಿನಲ್ಲೇ.

ಮಾಮೂಲಿ ಫಾಲ್ಸ್ ಸೀಲಿಂಗ್ ಸ್ಲ್ಯಾಬ್‌ಗೆ ತಗಡಿನ ಪಟ್ಟಿಗಳಿಂದ ಜೋತುಬಿದ್ದಿರುತ್ತದೆ. ಆ ಪಟ್ಟಿಗಳೇ ಸದ್ದಿಗೆ ದಾರಿ. ನಾನು ಸ್ಲ್ಯಾಬ್ ಮುಟ್ಟುವುದೇ ಬೇಡ, ಫ್ರೇಮ್ ಗೋಡೆಯಿಂದ ಗೋಡೆಗೆ ಕೂರಲಿ ಅಂದೆ. ಮೇಸ್ತ್ರಿ ನಕ್ಕ. “ಇಷ್ಟ್ಯಾಕ್ರೀ ಸಾರ್ ಕಬ್ಬಿಣ? ಸ್ಲ್ಯಾಬ್‌ಗೆ ನಾಕು ಪಟ್ಟಿ ಬಿಗಿದ್ರ ಮುಗೀತು.”

ಕೋಣೆ 11 ಅಡಿ ಅಗಲ, 15 ಅಡಿ ಉದ್ದ. ಉದ್ದದ ಎರಡು ಗೋಡೆಗಳಿಗೆ L ಆಕಾರದ ಕಬ್ಬಿಣದ 50 ಎಂಎಂ ಆ್ಯಂಗಲ್ ಅನ್ನು ಆ್ಯಂಕರ್ ಬೋಲ್ಟ್ ಹಾಕಿ ಬಿಗಿಸಿದೆವು. ಗೋಡೆ ಒಂಬತ್ತು ಇಂಚಿನ ಇಟ್ಟಿಗೆಯದು, ನಾಲ್ಕೂವರೆ ಇಂಚಿನದಾಗಿದ್ದರೆ ಈ ಸಾಹಸಕ್ಕೆ ಕೈ ಹಾಕುತ್ತಿರಲಿಲ್ಲ. ಆ್ಯಂಗಲ್ ಮೇಲೆ ಅಗಲಕ್ಕೆ ಎರಡೆರಡು ಅಡಿಗೆ ಒಂದರಂತೆ ಎಂಟು ಬಾಕ್ಸ್ ಪೈಪ್, 80×40 ಎಂಎಂ. ಸ್ಲ್ಯಾಬ್‌ಗೂ ಪೈಪ್‌ಗೂ ಒಂದು ಇಂಚು ಸಂದು. ಪೈಪ್ ತುದಿಗೂ ಗೋಡೆಗೂ ಅರ್ಧ ಇಂಚು.

ಪೈಪ್ ಮತ್ತು ಆ್ಯಂಗಲ್ ನಡುವೆ ನಡುಕ ದಾಟದಂತೆ ರಬ್ಬರ್ ತುಂಡು ಬೇಕು, ಅದು ಭಾರಕ್ಕೆ ಕುಗ್ಗಬೇಕು. ಇಲ್ಲಿ ನಾನು ಜಾಣತನ ತೋರಿಸಲು ಹೋದೆ. ಗಣಿಗಳ ಊರಲ್ವಾ, ಹಳೇ ಕನ್ವೇಯರ್ ಬೆಲ್ಟ್ ಗುಜರಿಯಲ್ಲಿ ಸಿಗುತ್ತದೆ. ತಂದು ಕತ್ತರಿಸಿ ಇಟ್ಟೆ. ಬೆಲ್ಟ್ ಒಳಗೆ ಬಟ್ಟೆಯ ಪದರ ಇರುತ್ತದೆ, ಒತ್ತಿದರೆ ಕುಗ್ಗುವುದೇ ಇಲ್ಲ. ಕುಗ್ಗದ ರಬ್ಬರ್ ಇದ್ದರೂ ಒಂದೇ, ಕಲ್ಲಿದ್ದರೂ ಒಂದೇ. ತೆಗೆದು ಮೆತ್ತನೆಯ ರಬ್ಬರ್ ಹಾಕಿದೆ, ಅದೂ ಚಿಕ್ಕ ತುಂಡು. ಎಲ್ಲ ತೂಕ ಸೇರಿ ಒಂದು ತುದಿಗೆ ಬರುವುದು 25ರಿಂದ 30 ಕೆಜಿ. ಅಷ್ಟಕ್ಕೆ ಅಂಗೈಯಗಲದ ರಬ್ಬರ್ ಇಟ್ಟರೆ ಅದು ಕುಗ್ಗಲ್ಲ. ಪೈಪ್ ಅನ್ನು ಆ್ಯಂಗಲ್‌ಗೆ ಬೋಲ್ಟ್ ಮಾಡಲಿಲ್ಲ, ವೆಲ್ಡ್ ಅಂತೂ ಬಿಡಿ. ಪಕ್ಕಕ್ಕೆ ಜಾರದಂತೆ ಎರಡೂ ಕಡೆ ಚಿಕ್ಕ ಪಟ್ಟಿ ನಿಲ್ಲಿಸಿದೆವು, ಅದೂ ಪೈಪ್‌ಗೆ ತಾಗದ ಹಾಗೆ.

ಪೈಪ್‌ಗಳ ನಡುವೆ ತುಂಬಲು ಜೀನ್ಸ್ ಹೊಲಿಸುವ ಗೆಳೆಯ ಹತ್ತು ಮೂಟೆ ಕತ್ತರಿಸಿದ ಚೂರು ಪುಕ್ಕಟೆ ಕೊಡುತ್ತೇನೆಂದ. ಆಸೆಯಾಯಿತು. ಹೊರದೇಶಗಳಲ್ಲಿ ಡೆನಿಮ್ ಹತ್ತಿಯ ಹಾಸನ್ನು ಇದಕ್ಕೇ ಮಾರುತ್ತಾರೆ. ಆದರೆ ಅದಕ್ಕೆ ಬೆಂಕಿ ಹತ್ತದಂತೆ ರಾಸಾಯನಿಕ ಹಾಕಿರುತ್ತಾರೆ. ಬರೀ ಬಟ್ಟೆ ತುಂಬಿ ಅದರೊಳಗೆ ವೈರ್ ಎಳೆಯುವುದಾ? ಬೇಡ ಅಂದೆ. 50 ಎಂಎಂ ದಪ್ಪದ, ಘನ ಮೀಟರ್‌ಗೆ 48 ಕೆಜಿ ಸಾಂದ್ರತೆಯ ರಾಕ್‌ವುಲ್, ಅಂದರೆ ಕಲ್ಲು ಕರಗಿಸಿ ಎಳೆದ ನಾರಿನ ಹಾಸು, ಹಾಕಿದೆವು. ತುಂಬು ತೋಳಿನ ಅಂಗಿ, ಮಾಸ್ಕ್, ಗ್ಲೌಸ್ ಇಲ್ಲದೆ ಅದನ್ನು ಮುಟ್ಟಬೇಡಿ. ಮೇ ತಿಂಗಳ ಬಳ್ಳಾರಿ ಬಿಸಿಲಲ್ಲಿ, ಸ್ಲ್ಯಾಬ್ ಕೆಳಗೆ ಬೆವರಿಕೊಂಡು ಆ ತುರಿಕೆ ಅನುಭವಿಸಿದವನಿಗೇ ಗೊತ್ತು.

ಕೆಳಗೆ ತಗಡಿನ ಸೆಕ್ಷನ್, ಅದಕ್ಕೆ 12.5 ಎಂಎಂ ಜಿಪ್ಸಮ್ ಬೋರ್ಡ್ ಎರಡು ಪದರ. ಆರಡಿ ನಾಲ್ಕಡಿಯ ಒಂದು ಬೋರ್ಡ್ ಸುಮಾರು 20 ಕೆಜಿ. ಮೊದಲ ಪದರದ ಸಂದಿಯ ಮೇಲೆ ಎರಡನೆಯದರ ಸಂದಿ ಬರಬಾರದು.

ಮೊದಲ ಪದರ ಮುಗಿದ ಸಂಜೆ ಅಮ್ಮ ಮೇಲೆ ರೊಟ್ಟಿಗೆ ಕೂತಳು. ಕೋಣೆಯೆಲ್ಲ ಶಾಂತ, ಕಿಟಕಿ ಕಡೆಯ ಮೂಲೆಯಲ್ಲಿ ಮಾತ್ರ ಟಪ್ ಟಪ್ ಟಪ್, ಮೊದಲಿನ ಹಾಗೇ. ಗ್ಯಾರೇಜಿನವರು ಇಂಜಿನ್ ಸದ್ದು ಹುಡುಕುವ ಹಾಗೆ ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಬೋರ್ಡ್‌ಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಏಣಿ ಮೇಲೆ ಹುಡುಕಿದೆ. ಒಂದು ಪೈಪ್ ಹತ್ತಿರ ಏಟು ಚುಚ್ಚಿದ ಹಾಗೆ ಕೇಳಿತು. ಮರುದಿನ ಆ ಬೋರ್ಡ್ ಬಿಚ್ಚಿ ಟಾರ್ಚ್ ಹಿಡಿದರೆ ಪೈಪ್‌ಗೂ ಸ್ಲ್ಯಾಬ್‌ಗೂ ನಡುವೆ ಬಿಗಿಯಾಗಿ ತುರುಕಿದ ಒಂದು ಕಲ್ಲಿನ ಚಕ್ಕೆ! ಸ್ಕ್ರೂ ಹೊಡೆಯುವಾಗ ಪೈಪ್ ಅಲ್ಲಾಡುತ್ತಿತ್ತಂತೆ, ಕೆಲಸದ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಸಿಕ್ಕಿಸಿದ್ದ. ಕಿತ್ತು ಹಾಕಿದ ಮೇಲೆ ಆ ಮೂಲೆಯೂ ಸುಮ್ಮನಾಯಿತು. ಅದುವರೆಗೆ ನಗುತ್ತಿದ್ದ ಮೇಸ್ತ್ರಿ ಆಮೇಲೆ ತಾನೇ ಪ್ರತಿ ಸಂದಿಗೂ ಬೆರಳು ಹಾಕಿ ನೋಡಿದ.

ಅಂಚಿನ ಸುತ್ತ ಗೋಡೆಗೆ ಐದಾರು ಎಂಎಂ ಬಿಟ್ಟು, ಒಣಗಿದರೂ ಮೆತ್ತಗೇ ಉಳಿಯುವ ಸೀಲೆಂಟ್ ತುಂಬಿದೆವು. ಪಿಒಪಿ ಹಾಕಿದ್ದರೆ ಅದು ಗಟ್ಟಿಯಾಗಿ ಗೋಡೆಯನ್ನೂ ಸೀಲಿಂಗನ್ನೂ ಮತ್ತೆ ಒಂದು ಮಾಡುತ್ತಿತ್ತು, ಬಿರುಕೂ ಬಿಡುತ್ತಿತ್ತು. ಸೀಲಿಂಗ್‌ನಲ್ಲಿ ಕೊರೆದು ಕೂರಿಸುವ ಲೈಟ್ ಒಂದೂ ಇಲ್ಲ, ಎಲ್ಲ ಗೋಡೆಗೆ. ನೂರರಲ್ಲಿ ಒಂದು ಪಾಲು ಜಾಗ ತೆರೆದಿದ್ದರೂ ಉಳಿದದ್ದು ಎಷ್ಟೇ ಗಟ್ಟಿಯಿರಲಿ, ಒಟ್ಟು ತಡೆ 20 ಡೆಸಿಬಲ್ ದಾಟುವುದಿಲ್ಲ. ಸೀಲಿಂಗ್ ಫ್ಯಾನ್ ಕೂಡ ಹೋಯಿತು. ಈ ಊರಲ್ಲಿ ಫ್ಯಾನ್ ಇಲ್ಲದ ಕೋಣೆಯೇ ಅಂತ ಅತ್ತಿಗೆ ಮೂಗಿನ ಮೇಲೆ ಬೆರಳಿಟ್ಟರು. ಎಸಿ ಇದೆ, ಕರೆಂಟ್ ಹೋದರೆ ಸಿನಿಮಾವೂ ಇಲ್ಲ ಅಂದೆ.

ಹತ್ತಿರ ಹತ್ತಿರ ಆರು ಇಂಚು ಎತ್ತರ ಕಳೆದುಕೊಂಡೆ. ಮಾತು, ಹಾಡು ಈಗ ಮೇಲೆ ಕೇಳುವುದಿಲ್ಲ. ಸಬ್‌ವೂಫರ್‌ನ ತೀರಾ ಕೆಳಗಿನ ಗುಡುಗು ಗೋಡೆ ಹಿಡಿದು ಸ್ವಲ್ಪ ಹತ್ತುತ್ತದೆ, ರಾತ್ರಿ ಹತ್ತಾದ ಮೇಲೆ ಅದನ್ನು ತಗ್ಗಿಸುತ್ತೇನೆ. ರೊಟ್ಟಿಯ ಸದ್ದೂ ಗೋಡೆಯಿಂದ ಮೆಲ್ಲಗೆ ಇಳಿಯುತ್ತಿತ್ತು. ಕೊನೆಗೆ ಗೆಳೆಯನಿಂದ ಒಂದು ಹಿಡಿ ಜೀನ್ಸ್ ಚೂರು ತಂದು, ನಾಲ್ಕು ಮಡಿಕೆ ಮಾಡಿ ಹೊಲಿಸಿ ಅಮ್ಮನ ರೊಟ್ಟಿ ಕಲ್ಲಿನ ಕೆಳಗೆ ಹಾಸಿದೆ. ಏಟು ಸ್ಲ್ಯಾಬ್‌ಗೆ ಇಳಿಯುವ ಮೊದಲೇ ಮೆತ್ತಗಾಯಿತು. “ಇದನ್ನ ಮೊದಲೇ ಮಾಡಿದ್ರ ಇಷ್ಟು ರೊಕ್ಕ ಉಳೀತಿತ್ತಲ್ಲೋ” ಅಂದಳು ಅಮ್ಮ. ಅಣ್ಣನ ಮಂಚದ ಮಾತು ನಾನು ಎತ್ತಲಿಲ್ಲ.